ಬಡತನಕ್ಕೆ ವೇದಿಕೆ ಏಕೆ?

ಶಾಲಾ ವರ್ಷ ಆರಂಭವಾಗುತ್ತಿದ್ದಂತೆ ಮುಂಬಯಿ ಹಾಗೂ ಉಪನಗರಗಳ ಕನ್ನಡ ಸಂಘ-ಸಂಸ್ಥೆಗಳಲ್ಲಿ ವಿದ್ಯಾರ್ಥಿವೇತನ ಮತ್ತು ಪುಸ್ತಕ ವಿತರಣಾ ಸಮಾರಂಭಗಳು ಸಾಲಾಗಿ ನಡೆಯುತ್ತವೆ. ಇದು ನಮ್ಮ ಸಂಘಗಳು ಹೆಮ್ಮೆಪಡಬೇಕಾದ ಕಾರ್ಯ. ದಾನಿಗಳ ನೆರವಿನಿಂದ ಓದಿ ಮೇಲೆ ಬಂದವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಮಕ್ಕಳನ್ನು ಹೆಸರು ಹಿಡಿದು ಕರೆದು, ಗಣ್ಯರ ನಡುವೆ ನಿಲ್ಲಿಸಿ, ಕೈಗೆ ಲಕೋಟೆ ಕೊಟ್ಟು ಫೋಟೋ ತೆಗೆಯುವ ಪದ್ಧತಿಯ ಬಗ್ಗೆ ಒಮ್ಮೆ ಯೋಚಿಸಬೇಕಾಗಿದೆ. ಪ್ರತಿಭಾ ಪುರಸ್ಕಾರಕ್ಕೆ ವೇದಿಕೆ ಬೇಕು, ಅದು ಮಗು ತಾನಾಗಿ ಗಳಿಸಿದ್ದು. ಬಡತನಕ್ಕೆ ವೇದಿಕೆ ಏಕೆ?

ಯೇಸುಕ್ರಿಸ್ತರು ಪರ್ವತ ಪ್ರಸಂಗದಲ್ಲಿ ಈ ವಿಷಯವನ್ನು ನೇರವಾಗಿಯೇ ಎತ್ತಿಕೊಂಡಿದ್ದಾರೆ. ದಾನವು ಗುಟ್ಟಾಗಿರಲಿ, ಜನರ ಹೊಗಳಿಕೆಗಾಗಿ ಕೊಟ್ಟವನ ಫಲ ಆ ಹೊಗಳಿಕೆಯೊಂದಿಗೇ ಮುಗಿಯಿತು ಎಂಬುದು ಅವರ ಬೋಧನೆಯ ಸಾರ. ಲೂಕನ ಸುವಾರ್ತೆಯಲ್ಲಿ ಬರುವ ಶ್ರೀಮಂತ ಮತ್ತು ಲಾಜರನ ಸಾಮತಿಯೂ ಮನನೀಯ. ಆ ಶ್ರೀಮಂತ ಲಾಜರನನ್ನು ದೋಚಿದನೆಂದು ಎಲ್ಲಿಯೂ ಹೇಳಿಲ್ಲ. ತನ್ನ ಬಾಗಿಲಲ್ಲೇ ಬಿದ್ದವನ ಕಷ್ಟವನ್ನು ಕೇಳದೆ ಉಂಡುಟ್ಟು ಸುಖವಾಗಿದ್ದದ್ದೇ ಅವನ ಅಪರಾಧ. ಕಥೆಯಲ್ಲಿ ಶ್ರೀಮಂತನಿಗೆ ಹೆಸರಿಲ್ಲ, ಬಡವನಿಗೆ ಹೆಸರಿದೆ. ಸಂಪತ್ತು ಪಾಪವಲ್ಲ, ಪಕ್ಕದವನನ್ನು ಕಾಣದ ಸಂಪತ್ತು ಪಾಪ.

ಹಾಗಾದರೆ ಕಾಣುವುದು ಹೇಗೆ? 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡೆರಿಕ್ ಓಝನಾಮ್ ಎಂಬ ಯುವ ವಿದ್ಯಾರ್ಥಿ ಮತ್ತು ಗೆಳೆಯರು ಆರಂಭಿಸಿದ ಸಂತ ವಿನ್ಸೆಂಟ್ ಡಿ ಪಾವ್ಲ್ ಸೊಸಾಯಿಟಿ ಇದಕ್ಕೊಂದು ದಾರಿ ತೋರಿಸಿದೆ. ಮುಂಬಯಿ, ಮಂಗಳೂರಿನ ಇಗರ್ಜಿಗಳಲ್ಲಿಯೂ ಇದರ ಘಟಕಗಳಿವೆ. ಸದಸ್ಯರು ಇಬ್ಬಿಬ್ಬರಾಗಿ ಕಷ್ಟದಲ್ಲಿರುವವರ ಮನೆಗೇ ಹೋಗುತ್ತಾರೆ, ಕುಳಿತು ಮಾತನಾಡುತ್ತಾರೆ. ಸಭೆಯಲ್ಲಿ ಒಂದು ಚೀಲ ಕೈಯಿಂದ ಕೈಗೆ ಸಾಗುತ್ತದೆ. ಯಾರು ಎಷ್ಟು ಹಾಕಿದರೆಂದು ಯಾರಿಗೂ ತಿಳಿಯುವುದಿಲ್ಲ. ಕೊಟ್ಟವನಿಗೆ ಗರ್ವವಿಲ್ಲ, ಪಡೆದವನಿಗೆ ನಾಚಿಕೆಯಿಲ್ಲ.

ಹೋಟೆಲಿನಲ್ಲಿ ದುಡಿಯುವ, ಕಂಪೆನಿ ಮುಚ್ಚಿ ಕೆಲಸ ಕಳೆದುಕೊಂಡ ತಂದೆಯೂ ಸ್ವಾಭಿಮಾನಿಯೇ. ಮಗಳು ಲಕೋಟೆ ಪಡೆಯುವ ಫೋಟೋ ಸಂಜೆಯೊಳಗೆ ಹತ್ತಾರು ವಾಟ್ಸ್ಆ್ಯಪ್ ಗುಂಪುಗಳಿಗೆ ಹೋಗುತ್ತದೆಂದರೆ ಅವನು ಅರ್ಜಿ ಹಾಕಲು ಹಿಂಜರಿಯುವುದು ಸಹಜ. ಆಗ ನಮ್ಮ ನಿಧಿ ನಿಜವಾಗಿ ಬೇಕಾದವರಿಗೆ ತಲುಪುವುದೇ ಇಲ್ಲ.

ಫೋಟೋ ಇಲ್ಲದಿದ್ದರೆ ಲೆಕ್ಕ ಕೊಡುವುದು ಹೇಗೆ ಎಂದು ಪದಾಧಿಕಾರಿಗಳು ಕೇಳಬಹುದು. ನ್ಯಾಯವಾದ ಪ್ರಶ್ನೆ. ಜೆರುಸಲೇಮಿನ ಬಡವರಿಗಾಗಿ ನಿಧಿ ಕೂಡಿಸಿದ ಸಂತ ಪೌಲರಿಗೂ ಈ ಚಿಂತೆಯಿತ್ತು. ಹಣದ ವಿಚಾರದಲ್ಲಿ ಯಾರೂ ಬೆರಳು ತೋರಿಸಬಾರದೆಂದು ಸಭೆಗಳೇ ಆರಿಸಿದ ವ್ಯಕ್ತಿಯನ್ನು ಅವರು ಆ ಕಾರ್ಯದಲ್ಲಿ ಜೊತೆಗಿರಿಸಿಕೊಂಡರು. ಲೆಕ್ಕ ಬಹಿರಂಗವಾಗಿರಬೇಕು, ಪಡೆದವರ ಮುಖವಲ್ಲ.

ನಮ್ಮ ಸಂಘಗಳಿಗೆ ಇದು ಕಷ್ಟವೇನಲ್ಲ. ಕಾರ್ಯಕಾರಿ ಸಮಿತಿಯ ಇಬ್ಬರು ಅರ್ಜಿದಾರರ ಮನೆಗೆ ಭೇಟಿ ಕೊಡಲಿ. ಶುಲ್ಕವನ್ನು ನೇರವಾಗಿ ಶಾಲೆಗೆ ಅಥವಾ ಹೆತ್ತವರ ಬ್ಯಾಂಕ್ ಖಾತೆಗೆ ಪಾವತಿಸಲಿ. ವಾರ್ಷಿಕ ಮಹಾಸಭೆಯಲ್ಲಿ ಎಷ್ಟು ಮಕ್ಕಳಿಗೆ ಎಷ್ಟು ಹಣ ಸಂದಿದೆ ಎಂಬ ಲೆಕ್ಕಪರಿಶೋಧಿತ ವಿವರವನ್ನು ಮಂಡಿಸಲಿ. ದಾನಿಗಳಿಗೆ ಶಾಲು ಹೊದಿಸಿ ಗೌರವಿಸುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಆ ಹೊತ್ತಿಗೆ ಮಕ್ಕಳು ಸಭಾಂಗಣದಲ್ಲಿ ಎಲ್ಲರ ಮಕ್ಕಳೊಂದಿಗೆ ಕುಳಿತಿರಲಿ. ಮುಂದಿನ ವಿತರಣಾ ಸಮಾರಂಭದ ಆಮಂತ್ರಣ ಪತ್ರಿಕೆ ಅಚ್ಚಾಗುವ ಮೊದಲೇ ಸಮಿತಿಗಳು ಈ ವಿಷಯವನ್ನು ಚರ್ಚೆಗೆ ಎತ್ತಿಕೊಳ್ಳುವುದು ಒಳ್ಳೆಯದು.