ದಾಮೆಲೊ, ಕೊಡಜ್ಜಿ

ಹೌನ್ಸ್ಲೋದ ನಮ್ಮ ಮನೆಯಲ್ಲಿ ಈಗ ಸ್ಪ್ಯಾನಿಶ್ ಕಾಲ. ಇಂಗ್ಲೆಂಡಿನ ರಾಷ್ಟ್ರೀಯ ಪಠ್ಯಕ್ರಮದಲ್ಲಿ 2014ರಿಂದ 7ರಿಂದ 11 ವರ್ಷದ ಮಕ್ಕಳಿಗೆ ಇಂಗ್ಲಿಷಲ್ಲದೆ ಇನ್ನೊಂದು ಭಾಷೆ ಕಡ್ಡಾಯ. ಇಯರ್ ಫೋರ್‌ನಲ್ಲಿರುವ ನನ್ನ ಮಗಳ ಪಾಲಿಗೆ ಬಂದದ್ದು ಸ್ಪ್ಯಾನಿಶ್. ಮೊನ್ನೆ ಊಟಕ್ಕೆ ಕೂತವಳು ಉಪ್ಪಿನಕಾಯಿ ಬಾಟಲಿಯ ಕಡೆ ಕೈಚಾಚಿ “ದಾಮೆಲೊ!” ಅಂದಳು.

ಆಮೇಲೆ ಬಿಡಿಸಿ ಹೇಳಿದಳು. ‘ದಾ’ ಅಂದರೆ ಕೊಡು, ‘ಮೆ’ ನನಗೆ, ‘ಲೊ’ ಅದನ್ನು. ಮೂರೂ ಅಂಟಿಕೊಂಡು ಒಂದೇ ಪದ. ಮಿಕ್ಕಿದ್ದನ್ನು ನಾನೇ ಹುಡುಕಿ ಓದಿದೆ: ಗೌರವ ಕೊಟ್ಟು ಕೇಳುವುದಾದರೆ ‘ದೇಮೆಲೊ’, ಕೊಡಬೇಡ ಅನ್ನುವಾಗ ಬಾಲ ಕಳಚಿ ಮುಂದಕ್ಕೆ ಬಂದು ‘ನೊ ಮೆ ಲೊ ದೆಸ್’ ಆಗುತ್ತದೆ.

ಅದೇ ಹುಡುಗಿ ಅಜ್ಜಿಗೆ ಹೇಳುವುದು, “ಅಜ್ಜಿ, ನೀನು ಅದನ್ನು ನನಗೆ ಕೊಡು.” ತಪ್ಪೇನಿಲ್ಲ. ಆದರೆ ಇಂಗ್ಲಿಷಿನ ಒಂದೊಂದು ಪದಕ್ಕೂ ಲೆಕ್ಕ ಒಪ್ಪಿಸಿದ ಹಾಗೆ. ಆರು ತಿಂಗಳ ವೀಸಾದಲ್ಲಿ ಹಾಸನದಿಂದ ಬಂದಿರುವ ನಮ್ಮಮ್ಮ ಒಂದು ಸಂಜೆ, “ಮಗು ನನ್ನ ಹತ್ರ ಪುಸ್ತಕ ಓದಿದಂಗೆ ಮಾತಾಡುತ್ತಲ್ಲೇ” ಅಂದರು. ನಗುತ್ತಲೇ ಅಂದದ್ದು, ನನಗೆ ಚುಚ್ಚಿತು.

ನಮ್ಮಲ್ಲೂ ಬಾಲ ಅಂಟುತ್ತದೆ. ಆದರೆ ‘ನನಗೆ’, ‘ಅದನ್ನು’ ಅಲ್ಲ. ಬಾಟಲಿ ಕಣ್ಣೆದುರಿಗೇ ಇದ್ದರೆ ಅವೆರಡನ್ನೂ ಹೇಳುವುದೇ ಬೇಡ. ನಮಗೆ ಅಂಟುವುದು ಎದುರಿಗಿರುವವರು: ಕೊಡಜ್ಜಿ, ಕೊಡಮ್ಮ, ಕೊಡೋ, ಕೊಡೇ, ಕೊಡ್ರೀ. ಬೇಡ ಅಂದರೂ ಕಳಚುವುದಿಲ್ಲ: ಹಾಕಬೇಡಜ್ಜಿ, ಸಾಕಜ್ಜಿ. (ತಾತನಿಗೆ ಮಾತ್ರ ನಮ್ಮಲ್ಲಿ ‘ಕೊಡಿ ತಾತ’. ಅಜ್ಜಿಗೆ ಯಾಕೆ ಏಕವಚನ ಅಂತ ನಮ್ಮ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ.)

ವ್ಯಾಕರಣ ಹೇಳಲು ಹೋಗಲಿಲ್ಲ. ಊಟದ ಹೊತ್ತಿನಲ್ಲಿ ‘ನನಗೆ’, ‘ಅದನ್ನು’ ಎರಡನ್ನೂ ಬಾಯಿಗೆ ತರಬಾರದು ಅಂತ ಒಂದು ಆಟ ಹೂಡಿದೆ. ಬೇಕಾದರೆ ನೀವೂ ಆಡಿ ನೋಡಿ. ಮೊದಲ ದಿನವೇ ತಮ್ಮನಿಗೆ “ಚಮಚ ಕೊಡೇ” ಅಂದಳು. “ನಾನು ಹುಡುಗ!” ಅಂತ ನಾಲ್ಕು ವರ್ಷದವನು ಚಮಚವನ್ನು ಬೆನ್ನ ಹಿಂದೆ ಬಚ್ಚಿಟ್ಟ. ‘ಕೊಡೋ’ ಅಂದಮೇಲೇ ಸಿಕ್ಕಿದ್ದು.

ನಿನ್ನೆ ರಾತ್ರಿ ಮಹಡಿಯಿಂದ ಕೂಗು ಬಂತು, “ನೀರು ತಂದ್ಕೊಡಜ್ಜಿ!” ಕೆಳಗೆ ಬಂದು ನೀನೇ ತಗೋ ಅನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ, ಮಂಡಿನೋವಿನ ಅಮ್ಮ ಲೋಟ ಹಿಡಿದು ಅರ್ಧ ಮೆಟ್ಟಿಲು ಹತ್ತಿಯಾಗಿತ್ತು.