ಪುಟ ಎಣಿಸಿದ ಕಾನೂನು



ಪತ್ರಿಕೆಯ ಬಾಯಿ ಕಟ್ಟುವುದೆಂದರೆ ಸುದ್ದಿಗೆ ಕತ್ತರಿ, ಸಂಪಾದಕನಿಗೆ ಸೆರೆಮನೆ ಎಂದೇ ನಾವು ತಿಳಿಯುತ್ತೇವೆ. ಒಂದಕ್ಷರವನ್ನೂ ಮುಟ್ಟದೆ, ಬರೀ ಪುಟ ಎಣಿಸಿಯೂ ಆ ಕೆಲಸ ಮಾಡಬಹುದು. ಪುಣೆಯ ಮರಾಠಿ ದಿನಪತ್ರಿಕೆ 'ಸಕಾಳ್' ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದು ಅಂಥ ಕಾನೂನಿನ ವಿರುದ್ಧ.

1956ರ ಬೆಲೆ ಮತ್ತು ಪುಟ ಕಾಯ್ದೆ, ಅದರಡಿ 1960ರ ಆದೇಶ: ಇಷ್ಟು ಬೆಲೆಗೆ ಇಷ್ಟೇ ಪುಟ. ನಾನು ಲೆಕ್ಕದ ಮನುಷ್ಯ, ಲೆಕ್ಕವನ್ನೇ ಹೇಳುತ್ತೇನೆ. ಸಕಾಳ್ 7 ನಯಾಪೈಸೆಗೆ ಐದು ದಿನ 6 ಪುಟ, ಒಂದು ದಿನ 4 ಪುಟ ಕೊಡುತ್ತಿತ್ತು. ಭಾನುವಾರದ್ದು ಬಿಟ್ಟು ವಾರಕ್ಕೆ 34 ಪುಟ. ಆದೇಶದ ಪ್ರಕಾರ ಆ ಬೆಲೆಗೆ 24 ಮಾತ್ರ. 34 ಬೇಕಾದರೆ 8 ನಯಾಪೈಸೆ ಮಾಡಬೇಕು. ಪುಟ ಇಳಿಸಿದರೆ ಸುದ್ದಿ ಹೋಯಿತು. ಬೆಲೆ ಏರಿಸಿದರೆ ಓದುಗ ಹೋದ. ಜಾಹೀರಾತಿನ ಜಾಗಕ್ಕೂ ಮಿತಿ ಹಾಕುವ ಅಧಿಕಾರ ಸರ್ಕಾರಕ್ಕಿತ್ತು.

ಸರ್ಕಾರದ ಉದ್ದೇಶ ಕೆಟ್ಟದ್ದೆಂದು ನಾನು ಹೇಳಲಾರೆ. ದೊಡ್ಡ ಪತ್ರಿಕೆಗಳ ಪೈಪೋಟಿಯಲ್ಲಿ ಸಣ್ಣವು ಸಾಯಬಾರದು ಎಂಬುದು ಅದರ ವಾದ. ನಮ್ಮದೂ ಸಣ್ಣ ಪತ್ರಿಕೆ. ಕೇಳಲು ನಮಗೆ ಹಿತವಾದ ಮಾತೇ. ಆದರೆ ಕಾಲುವೆಯ ತೂಬನ್ನು ನಾಲ್ಕು ಬೆರಳು ಇಳಿಸಿದವನು ನೀರಿಗೆ ವಿಷ ಹಾಕಿಲ್ಲ, ನಿಜ. ಕೊನೆಯ ಗದ್ದೆಯಂತೂ ಒಣಗುತ್ತದೆ. ಸಣ್ಣವರನ್ನು ಬದುಕಿಸಬೇಕೆಂದಿದ್ದರೆ ಅವರಿಗೆ ಅಗ್ಗದ ಕಾಗದ ಕೊಡಬಹುದಿತ್ತು, ಅಂಚೆ ವೆಚ್ಚ ಇಳಿಸಬಹುದಿತ್ತು. ಇನ್ನೊಬ್ಬನ ಪುಟ ಹರಿದು ನಮಗೆ ಕೊಡುವ ಉಪಕಾರ ನನಗೆ ಬೇಡ.

1961ರ ಸೆಪ್ಟೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಆ ಆದೇಶವನ್ನೂ, ಅದಕ್ಕೆ ಆಧಾರವಾದ ಕಲಮನ್ನೂ ರದ್ದುಮಾಡಿತು. ತೀರ್ಪು ಬರೆದವರು ನ್ಯಾಯಮೂರ್ತಿ ಮುಧೋಳಕರ್. ಸಂವಿಧಾನದ 19ನೇ ವಿಧಿಯನ್ನು ಅವರು ಬಿಡಿಸಿಟ್ಟ ರೀತಿ ಓದಬೇಕು. ವ್ಯಾಪಾರದ ಸ್ವಾತಂತ್ರ್ಯವನ್ನು ಸಾರ್ವಜನಿಕ ಹಿತಕ್ಕಾಗಿ ಮಿತಗೊಳಿಸಬಹುದು. ಮಾತಿನ ಸ್ವಾತಂತ್ರ್ಯಕ್ಕೆ ಹಾಗಲ್ಲ. ಸಂವಿಧಾನವೇ ಹೆಸರಿಸಿದ ಕೆಲವು ಕಾರಣಗಳಿಗಷ್ಟೇ ಮಿತಿ. ಪತ್ರಿಕೆ ವ್ಯಾಪಾರವೂ ಹೌದು, ಮಾತೂ ಹೌದು. ವ್ಯಾಪಾರವನ್ನು ಹಿಡಿಯುತ್ತೇವೆಂದು ಮಾತನ್ನು ಹಿಡಿಯಲಾಗದು. ಎಷ್ಟು ಬರೆಯಬೇಕು, ಎಷ್ಟು ಜನಕ್ಕೆ ತಲುಪಿಸಬೇಕು ಎಂಬುದೂ ಆ ಸ್ವಾತಂತ್ರ್ಯದೊಳಗೇ ಬಂತು.

ಸಕಾಳ್ ಆಗ ಮಹಾರಾಷ್ಟ್ರದಲ್ಲಷ್ಟೇ ಅಲ್ಲ, ನಮ್ಮ ಕರ್ನಾಟಕದಲ್ಲೂ ಓದುಗರಿದ್ದ ಪತ್ರಿಕೆ. ಈ ಮೊಕದ್ದಮೆಯಲ್ಲಿ ನನಗೆ ಹೆಚ್ಚು ಹಿಡಿಸಿದ ಸಂಗತಿ ಬೇರೆಯೇ ಇದೆ. ಪತ್ರಿಕೆಯ ಮಾಲೀಕರ ಜೊತೆಗೆ ಇಬ್ಬರು ಓದುಗರೂ ತಮ್ಮದೇ ಅರ್ಜಿ ಹಾಕಿದ್ದರು. ಅವರಿಗೆ ಮುದ್ರಣಾಲಯವಿರಲಿಲ್ಲ, ಲಾಭದ ಪಾಲಿರಲಿಲ್ಲ. ಬೆಳಿಗ್ಗೆ ಕೈಗೆ ಬರುವ ಹಾಳೆ ಕಡಿಮೆಯಾದರೆ ನಷ್ಟ ತಮ್ಮದು ಎಂದು ಕೋರ್ಟಿಗೆ ಹೋದವರು ಅವರು.