ಸರಕು ವಿಮಾನದ ಕ್ಯಾಪ್ಟನ್

ಪ್ರಯಾಣಿಕರಿಲ್ಲದ ಸರಕು ವಿಮಾನದ ಕ್ಯಾಪ್ಟನ್‌ಗೆ ಹೊಣೆ ಕಡಿಮೆಯೆಂದು ತಿಳಿಯಬೇಡಿ. ಅಡಿಕೆ ಮೂಟೆಗಳನ್ನೆಲ್ಲ ದೋಣಿಯ ಒಂದೇ ತುದಿಗೆ ಪೇರಿಸಿದರೆ ಏನಾದೀತೆಂದು ಶರಾವತಿ ಹಿನ್ನೀರಿನವರಿಗೆ ಹೇಳಬೇಕಿಲ್ಲ. ಗುರುತ್ವಕೇಂದ್ರ ಜಾಗ ತಪ್ಪಿದರೆ ವಿಮಾನಕ್ಕೂ ಅದೇ ಗತಿ.

2013ರ ಏಪ್ರಿಲ್ 29ರಂದು ಅಫ್ಘಾನಿಸ್ತಾನದ ಬಾಗ್ರಾಮ್‌ನಲ್ಲಿ ಮೇಲೇರುತ್ತಿದ್ದ ಬೋಯಿಂಗ್ 747ರೊಳಗೆ, ಸರಿಯಾಗಿ ಬಿಗಿಯದ ಸೇನಾ ವಾಹನ ಹಿಂದಕ್ಕೆ ಜಾರಿ ಬಾಲದ ನಿಯಂತ್ರಣವನ್ನೇ ಕೆಡಿಸಿತು. ಒಳಗಿದ್ದ 7 ಮಂದಿಯೂ ಸತ್ತರು.

ಸರಕು ಬಿಗಿಯುವವರು ಬೇರೆ. ಆದರೂ ತೂಕ, ಸಮತೋಲ, ಅಪಾಯಕಾರಿ ವಸ್ತು, ಇಂಧನ, ಹವಾಮಾನ ಎಲ್ಲವನ್ನೂ ನೋಡಿ ಒಪ್ಪಬೇಕಾದವರು ಕ್ಯಾಪ್ಟನ್. ಸಂದೇಹವಿದ್ದರೆ ಹಾರುವುದಿಲ್ಲ ಎನ್ನುವ ಅಧಿಕಾರವೂ ಅವರದೇ.

ಅರ್ಹತೆ? ನಮ್ಮಲ್ಲಿ ಎಟಿಪಿಎಲ್ ಪರವಾನಗಿ ಬೇಕು. ಅದಕ್ಕೆ 21 ವರ್ಷ ತುಂಬಿರಬೇಕು, 1500 ಗಂಟೆ ಹಾರಿರಬೇಕು, ಲಿಖಿತ ಹಾಗೂ ವೈದ್ಯಕೀಯ ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು.

ಮಕ್ಕಳೇ, ಸನ್ನೆಕೋಲಿನ ಪಾಠವನ್ನು ಅಂಕಕ್ಕಷ್ಟೇ ಓದಬೇಡಿ.